ಬಂದಿಯ ಹಕ್ಕು, ವಕೀಲರ ಹೊಣೆ

ಅಬಿಡ್ಸ್ ವೃತ್ತದಿಂದ ನಾಂಪಲ್ಲಿಯ ಕ್ರಿಮಿನಲ್ ನ್ಯಾಯಾಲಯಗಳಿಗೆ ನಡೆದೇ ಹೋಗಬಹುದು. ನಮ್ಮ ವಾಚಕರಲ್ಲಿ ಬಹುಮಂದಿ ಆ ದಾರಿಯನ್ನು ಬಲ್ಲರು. ಉಡುಪಿಯ ಕಡೆಯಿಂದ ಬಂದು ಇಲ್ಲಿ ಹೋಟೆಲು ನಡೆಸಿದವರು, ರಾಯಚೂರು, ಯಾದಗಿರಿ, ಕಲಬುರ್ಗಿ, ಬೀದರಗಳಿಂದ ಬಂದು ಈ ನಗರದ ಕಟ್ಟಡಗಳಿಗೆ ಕಲ್ಲು ಹೊತ್ತವರು, ಕಾಚಿಗೂಡದಲ್ಲಿ ಕನ್ನಡದ ಶಾಲೆಯನ್ನೂ ಸಾಹಿತ್ಯ ಮಂದಿರವನ್ನೂ ನಿಲ್ಲಿಸಿದವರು, ಎಲ್ಲರೂ ಒಂದಲ್ಲ ಒಂದು ಕೆಲಸದ ಮೇಲೆ ಅತ್ತ ಹೋದವರೇ. ಆದರೆ ಇಂಥ ನ್ಯಾಯಾಲಯಗಳಲ್ಲಿ ಈಚೆಗೆ ಬಂದು ಸೇರಿರುವ ಒಂದು ಹೊಸ ವರ್ಗದ ವಕೀಲರನ್ನು ಬಲ್ಲವರು ಎಷ್ಟು ಮಂದಿಯೋ ನಮಗೆ ಸಂದೇಹ.

ಸರ್ಕಾರದ ಪರವಾಗಿ ಆಪಾದಿತನ ಮೇಲೆ ಮೊಕದ್ದಮೆ ನಡೆಸುವ ಪಬ್ಲಿಕ್ ಪ್ರಾಸಿಕ್ಯೂಟರರು ಯಾರೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅದೇ ಸರ್ಕಾರದ ಹಣದಿಂದ ಸಂಬಳ ಪಡೆದು, ಅದೇ ನ್ಯಾಯಪೀಠದೆದುರಿಗೆ, ಆಪಾದಿತನ ಪರವಾಗಿ ನಿಲ್ಲುವ ವಕೀಲರೂ ಉಂಟೆಂದರೆ ಹಳಬರು ಹುಬ್ಬೇರಿಸುವರು. ಇವರಿಗೆ ಕನ್ನಡದಲ್ಲಿ ಕಾನೂನು ನೆರವು ಅಭಿರಕ್ಷಕರೆಂದು ಹೆಸರು. ಅಮೇರಿಕೆಯ ಲಾಸ್ ಏಂಜಲೀಸಿನಲ್ಲಿ ಇಂಥದೊಂದು ಕಚೇರಿ 1914ರಲ್ಲಿಯೇ ಬಾಗಿಲು ತೆರೆದಿದ್ದಿತು. ನಮ್ಮಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2022ರ ಯೋಜನೆಯ ಮೂಲಕ ಇದನ್ನು ಜಿಲ್ಲೆಗಳಿಗೆ ತರತೊಡಗಿತು. ಅದಕ್ಕೆ ಮೊದಲು ಬಡವನಿಗೆ ನೆರವೇ ಇರಲಿಲ್ಲವೆಂದಲ್ಲ. 1987ರಲ್ಲಿ ಅಂಗೀಕೃತವಾಗಿ 1995ರ ನವೆಂಬರ್ 9ರಂದು ಜಾರಿಗೆ ಬಂದ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮು, ಬಂಧನದಲ್ಲಿರುವವನು ಯಾರೇ ಆಗಲಿ, ಅವನ ವರಮಾನವೆಷ್ಟೆಂದು ಕೇಳದೆ ಉಚಿತವಾಗಿ ವಕೀಲರನ್ನು ಒದಗಿಸತಕ್ಕದ್ದೆಂದು ವಿಧಿಸಿದೆ. ಆದರೆ ಆ ಕೆಲಸವನ್ನು ಪಟ್ಟಿಯಲ್ಲಿ ಹೆಸರಿದ್ದ ವಕೀಲರು ತಮ್ಮ ಸ್ವಂತ ಮೊಕದ್ದಮೆಗಳ ನಡುವೆ, ಇಷ್ಟಕ್ಕಿಷ್ಟೆಂದು ಅಲ್ಪ ಶುಲ್ಕ ಪಡೆದು ಮಾಡಿಕೊಡುತ್ತಿದ್ದರು. ಅಭಿರಕ್ಷಕರು ಹಾಗಲ್ಲ. ಅವರು ಪೂರ್ಣಾವಧಿಯವರು, ಖಾಸಗಿಯಾಗಿ ಮೊಕದ್ದಮೆ ಹಿಡಿಯುವಂತಿಲ್ಲ.

ಇದು ಒಳ್ಳೆಯ ಏರ್ಪಾಡೆಂಬುದರಲ್ಲಿ ನಮಗೆ ಸಂಶಯವಿಲ್ಲ. ನಾವು ಕೇಳುವುದು ಬೇರೊಂದು ಪ್ರಶ್ನೆ. ಈ ವಕೀಲರ ಹೊಣೆ ನ್ಯಾಯಾಲಯದ ಹೊಸ್ತಿಲಿಗೆ ಮುಗಿಯುವುದೋ, ಸೆರೆಮನೆಯ ಬಾಗಿಲಿನೊಳಕ್ಕೂ ಹೋಗುವುದೋ? ಒಬ್ಬನನ್ನು ಚಂಚಲಗೂಡಕ್ಕೋ ಚೆರ್ಲಪಲ್ಲಿಗೋ ಕಳುಹಿಸಿದ ಮೇಲೆ ಅವನ ಜಾಮೀನು ಅರ್ಜಿ, ಸಾಕ್ಷಿಗಳ ಪಾಟೀಸವಾಲು, ಇವಿಷ್ಟೇ ವಕೀಲರ ಕೆಲಸವೆ? ಒಳಗೆ ಅವನಿಗೆ ಔಷಧ ಸಿಗುವುದೇ, ಅವನನ್ನು ಹೊಡೆಯುವರೇ, ಮನೆಗೆ ಬರೆದ ಕಾಗದ ಹೊರಟಿತೇ, ಜಾತಿಯನ್ನು ಕೇಳಿ ಕಸಬರಿಕೆ ಕೈಗೆ ಕೊಟ್ಟರೇ, ಇವೆಲ್ಲ ಯಾರ ಲೆಕ್ಕ? 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿ 5,73,220 ಮಂದಿ ಇದ್ದರೆಂದೂ, ಅವರಲ್ಲಿ 4,34,302 ಮಂದಿ ಇನ್ನೂ ವಿಚಾರಣೆ ಮುಗಿಯದವರೆಂದೂ ಸರ್ಕಾರದ ಅಂಕಿ ಅಂಶಗಳೇ ಹೇಳುತ್ತವೆ. ಎಂದರೆ ನಾಲ್ವರಲ್ಲಿ ಮೂವರು ಕಾನೂನಿನ ಕಣ್ಣಿಗೆ ನಿರಪರಾಧಿಗಳು.

ಈ ಪ್ರಶ್ನೆಗೆ ಹೈದರಾಬಾದಿನಲ್ಲಿ ಒಂದು ಹಳೆಯ ಬೇರು ಇದೆ. 1956ರ ನವೆಂಬರ್ 1ಕ್ಕೆ ಮೊದಲು ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳೂ ಹೈದರಾಬಾದ್ ರಾಜ್ಯದೊಳಗೇ ಇದ್ದು, ಮೂಸಿ ತೀರದ ಹೈಕೋರ್ಟಿಗೇ ಒಳಪಟ್ಟಿದ್ದುದರಿಂದ ಇದು ನಮ್ಮದೂ ಕಥೆಯೇ ಹೌದು. ಪೊಲೀಸ್ ಕಾರ್ಯಾಚರಣೆಯಾದ ಮರು ವರ್ಷ, 1949ರ ಆಗಸ್ಟಿನಲ್ಲಿ, ತೆಲಂಗಾಣದ ರೈತ ಹೋರಾಟದಲ್ಲಿ ಸಿಕ್ಕಿಬಿದ್ದ ಹನ್ನೆರಡು ಮಂದಿಗೆ ವಿಶೇಷ ನ್ಯಾಯಮಂಡಲಿಗಳು ಮರಣದಂಡನೆ ವಿಧಿಸಿದವು. ಆ ವರ್ಷದ ಡಿಸೆಂಬರಿನಲ್ಲಿ ಹೈಕೋರ್ಟು ಶಿಕ್ಷೆಯನ್ನು ಸ್ಥಿರಪಡಿಸಿತು. ಹೊಸ ಸಂವಿಧಾನ ಜಾರಿಗೆ ಬರಲು ಆಗ ಆರೇಳು ವಾರಗಳು ಮಾತ್ರ ಉಳಿದಿದ್ದವು! ಇವರನ್ನು ನೇಣಿನಿಂದ ಬಿಡಿಸಲೆಂದು ಇಂಗ್ಲೆಂಡಿನಿಂದ ಪ್ರಸಿದ್ಧ ಬ್ಯಾರಿಸ್ಟರ್ ಶ್ರೀ ಡಿ. ಎನ್. ಪ್ರಿಟ್ಟರು ಬಂದರು. ಜನಾರ್ದನ ರೆಡ್ಡಿ ವಿರುದ್ಧ ಹೈದರಾಬಾದ್ ರಾಜ್ಯ ಎಂದು ಕಾನೂನಿನ ಪುಸ್ತಕಗಳಲ್ಲಿ ಉಳಿದಿರುವ ಮೊಕದ್ದಮೆ ಇದೇ. ಅಪರಾಧಿಗಳ ಪರವಾದ ಮುಖ್ಯ ದೂರುಗಳಲ್ಲಿ ಒಂದು, ಪ್ರಾಣವನ್ನೇ ತೆಗೆಯಬಹುದಾದ ವಿಚಾರಣೆಯಲ್ಲಿ ತಮಗೆ ವಕೀಲರೇ ಇರಲಿಲ್ಲವೆಂಬುದು.

1951ರ ಮಾರ್ಚ್ 16ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ನ್ಯಾಯಮಂಡಲಿಯು ಆಪಾದಿತರಿಗೆ ವಕೀಲರನ್ನು ಗೊತ್ತುಮಾಡಿಕೊಡಲು ತಾನಾಗಿ ಏನಾದರೂ ಕ್ರಮ ಕೈಗೊಳ್ಳಬೇಕಾಗಿದ್ದಿತೆಂದು ನ್ಯಾಯಮೂರ್ತಿ ಫಜಲ್ ಅಲಿಯವರು ಒಪ್ಪಿದರು. ಆದರೆ ವಕೀಲರಿಲ್ಲದೆ ನಡೆಯಿತೆಂಬ ಮಾತ್ರಕ್ಕೇ ಅಂಥ ವಿಚಾರಣೆಯೆಲ್ಲವೂ ಅಸಿಂಧುವಾಗದು ಎಂದು ಹೇಳಿ ಅರ್ಜಿಗಳನ್ನು ವಜಾಮಾಡಿದರು. ಬಡ ಆಪಾದಿತರಿಗೆ ವಕೀಲರನ್ನು ಕೊಡದೆ ಮರಣದಂಡನೆ ವಿಧಿಸುವುದು ತಪ್ಪೆಂದು ಅಮೇರಿಕೆಯ ಸುಪ್ರೀಂ ಕೋರ್ಟು ಅಲಬಾಮಾದ ನೀಗ್ರೋ ತರುಣರ ಮೊಕದ್ದಮೆಯಲ್ಲಿ 1932ರಲ್ಲಿಯೇ ಹೇಳಿದ್ದಿತು. ನಮ್ಮ ನ್ಯಾಯಪೀಠ ಅಷ್ಟು ದೂರ ಹೋಗಲಿಲ್ಲ. ಹೈದರಾಬಾದಿನ ಆ ಮರಣದಂಡನೆಗಳು ಮುಂದೆ ಜೀವಾವಧಿ ಶಿಕ್ಷೆಗಳಾಗಿ ಇಳಿದವು. ಇಳಿಸಿದ್ದು ಕ್ಷಮಾದಾನದ ಅಧಿಕಾರ, ಹಕ್ಕಲ್ಲ. ಕ್ಷಮೆಯಿಂದ ಉಳಿದ ಪ್ರಾಣಕ್ಕೂ ಹಕ್ಕಿನಿಂದ ಉಳಿದ ಪ್ರಾಣಕ್ಕೂ ಇರುವ ಅಂತರ ಸಣ್ಣದಲ್ಲವೆಂದು ನಾವು ಬಲ್ಲೆವು.

ಆ ಅಂತರವನ್ನು ದಾಟಲು ಇಪ್ಪತ್ತೇಳು ವರ್ಷ ಬೇಕಾದವು. ದಾಟಿಸಿದ ಮೊಕದ್ದಮೆಯ ಆಪಾದಿತನ ಹೆಸರು ನಮ್ಮ ಕಡೆಯದು. ಮಾಧವ ಹಯವದನರಾವ್ ಹೊಸ್ಕೋಟ್ ಎಂಬವರು ಸೌರಾಷ್ಟ್ರ ವಿಶ್ವವಿದ್ಯಾನಿಲಯದಲ್ಲಿ ರೀಡರ್ ಆಗಿದ್ದವರು. ಮುಂಬಯಿಯ ಬ್ಲಾಕ್ ತಯಾರಕರೊಬ್ಬರ ಬಳಿಗೆ ಹೋಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಮುದ್ರೆಯನ್ನು ಮಾಡಿಸಲು ಹೊರಟು, ಸುಳ್ಳು ಪದವಿಪತ್ರಗಳ ಯತ್ನದಲ್ಲಿ ಸಿಕ್ಕಿಬಿದ್ದವರು. ಕೆಳಗಿನ ನ್ಯಾಯಾಲಯ ಆ ದಿನದ ಕೋರ್ಟು ಏಳುವವರೆಗೆ ಕೂರಿಸುವ ಶಿಕ್ಷೆ ವಿಧಿಸಿ ದಂಡ ಹಾಕಿತು. ಹೈಕೋರ್ಟು ಅದನ್ನು ಮೂರು ವರ್ಷಗಳಿಗೆ ಏರಿಸಿತು. ಆ ತೀರ್ಪು 1973ರ ನವೆಂಬರಿನದು. ಸುಪ್ರೀಂ ಕೋರ್ಟಿಗೆ ಅರ್ಜಿ ಬಂದದ್ದು ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟರಲ್ಲಿ ಶಿಕ್ಷೆಯನ್ನು ಅನುಭವಿಸಿಯೇ ಆಗಿದ್ದಿತು. ತಡವೇಕೆಂದರೆ ತೀರ್ಪಿನ ಪ್ರತಿ ತನ್ನ ಕೈಯಲ್ಲಿ ಇರಲಿಲ್ಲವೆಂದು ಖೈದಿ, ಕೊಟ್ಟೆವೆಂದು ಸೆರೆಮನೆಯವರು. ಕೊಟ್ಟುದಕ್ಕೆ ರಸೀದಿ ಇಲ್ಲ!

ಅಪರಾಧದ ವಿಷಯದಲ್ಲಿ ಹೊಸ್ಕೋಟರಿಗೆ ಏನೂ ದಕ್ಕಲಿಲ್ಲ; ಅರ್ಜಿ ವಜಾ ಆಯಿತು. ಆದರೆ 1978ರ ಆಗಸ್ಟ್ 17ರಂದು ನ್ಯಾಯಮೂರ್ತಿ ಶ್ರೀ ವಿ. ಆರ್. ಕೃಷ್ಣ ಅಯ್ಯರರು ಕೊಟ್ಟ ಆ ತೀರ್ಪು, ಇಂದಿಗೂ ಸೆರೆಯಲ್ಲಿರುವ ಪ್ರತಿಯೊಬ್ಬನ ಬೆನ್ನಿಗೆ ನಿಂತಿದೆ. ತೀರ್ಪಿನ ಪ್ರತಿಯನ್ನು ಖೈದಿಗೆ ಉಚಿತವಾಗಿ, ಬೇಗನೆ, ಕೈಬರಹದ ರಸೀದಿ ಪಡೆದು ಕೊಡತಕ್ಕದ್ದು. ಮೇಲ್ಮನವಿ ಸಲ್ಲಿಸಲು ಸೆರೆಮನೆಯ ಅಧಿಕಾರಿಗಳೇ ಸೌಕರ್ಯ ಮಾಡಿಕೊಡತಕ್ಕದ್ದು. ಬಡತನದಿಂದಲೋ ಬಂಧನದಿಂದಲೋ ವಕೀಲರನ್ನು ಹಿಡಿಯಲಾರದವನಿಗೆ ನ್ಯಾಯಾಲಯ ವಕೀಲರನ್ನು ಕೊಡತಕ್ಕದ್ದು, ಖರ್ಚು ಸರ್ಕಾರದ್ದು. ಕೃಷ್ಣ ಅಯ್ಯರರು ವಕೀಲರಾಗಿದ್ದಾಗ, 1948ರಲ್ಲಿ, ಕಮ್ಯೂನಿಸ್ಟರಿಗೆ ಕಾನೂನಿನ ನೆರವು ಕೊಟ್ಟರೆಂಬ ಆಪಾದನೆಯ ಮೇಲೆ ತಾವೇ ಸುಮಾರು ಒಂದು ತಿಂಗಳು ಸೆರೆಯಲ್ಲಿದ್ದವರು. 1957ರಲ್ಲಿ ಕೇರಳದ ಮಂತ್ರಿಗಳಾಗಿ ಸೆರೆಮನೆಗಳ ಖಾತೆಯನ್ನೂ ನೋಡಿಕೊಂಡವರು. ಒಳಗಿನ ಸಂಗತಿಗಳು ಅವರಿಗೆ ಪುಸ್ತಕದಿಂದ ಬಂದುವಲ್ಲ.

ಬಂದಿಯು ತಾನಾಗಿ ಕೇಳದಿದ್ದರೆ? ಇದಕ್ಕೂ ಉತ್ತರ ದೊರೆತಿದೆ. ಬಿಹಾರದ ಭಾಗಲಪುರದಲ್ಲಿ ವಿಚಾರಣಾಧೀನರನ್ನು ಪೊಲೀಸರು ಕುರುಡಾಗಿಸಿದ ಘೋರ ಪ್ರಕರಣ 1980ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಅವರಿಗೆ ವಕೀಲರನ್ನೇಕೆ ಕೊಡಲಿಲ್ಲವೆಂದರೆ ಅವರು ಕೇಳಲಿಲ್ಲ ಎಂಬ ಉತ್ತರ ಬಂದಿತು. ಮೊದಲ ಸಲ ಮ್ಯಾಜಿಸ್ಟ್ರೇಟರ ಎದುರಿಗೆ ತಂದ ಗಳಿಗೆಯಿಂದಲೇ ವಕೀಲರ ನೆರವಿನ ಹಕ್ಕು ಉಂಟೆಂದೂ, ಅದನ್ನು ತಿಳಿಸಿ ಹೇಳುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದೂ, ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆಪ ಸಲ್ಲದೆಂದೂ ನ್ಯಾಯಾಲಯ ವಿಧಿಸಿತು. 1986ರಲ್ಲಿ ಅರುಣಾಚಲದ ಸುಕದಾಸರ ಮೊಕದ್ದಮೆಯಲ್ಲಿ, ಕೇಳಲಿಲ್ಲವೆಂಬ ಕಾರಣದಿಂದ ವಕೀಲರಿಲ್ಲದೆ ನಡೆಸಿದ ವಿಚಾರಣೆಯನ್ನೇ ರದ್ದುಪಡಿಸಿತು. 1951ರಲ್ಲಿ ಹೈದರಾಬಾದಿನ ಹನ್ನೆರಡು ಮಂದಿಗೆ ಸಿಕ್ಕದ ಮಾತು ಇದು.

ಇಷ್ಟಾದರೂ ಇದೆಲ್ಲ ಮೊಕದ್ದಮೆಯೊಳಗಿನ ಹಕ್ಕು. ಸೆರೆಮನೆಯೊಳಗಿನ ಹಕ್ಕಿಗೆ ಬಾಗಿಲು ತೆರೆದುದು ಒಂದು ಕಾಗದ. ತಿಹಾರ್ ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನೀಲ್ ಬಾತ್ರಾ, ಇನ್ನೊಬ್ಬ ಖೈದಿಯಿಂದ ಹಣ ಕೀಳಲು ವಾರ್ಡರನೊಬ್ಬನು ಅವನಿಗೆ ಮಾಡಿದ ಹಿಂಸೆಯನ್ನು ವಿವರಿಸಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ಪತ್ರ ಬರೆದನು. ನ್ಯಾಯಾಲಯ ಆ ಪತ್ರವನ್ನೇ ಅರ್ಜಿಯೆಂದು ಪರಿಗ್ರಹಿಸಿ, ಇಬ್ಬರು ವಕೀಲರನ್ನು ಸೆರೆಮನೆಗೆ ಕಳುಹಿಸಿತು. ಅವರು ಹೋಗಿ ಕಣ್ಣಾರೆ ಕಂಡು ವರದಿ ಮಾಡಿದರು. 1979ರ ಡಿಸೆಂಬರಿನ ಆ ತೀರ್ಪಿನಲ್ಲಿ, ನ್ಯಾಯಾಧೀಶರು ನೇಮಿಸಿದ ವಕೀಲರಿಗೆ ಸೆರೆಮನೆಯೊಳಗೆ ಭೇಟಿ, ಮಾತುಕತೆ, ಗುಟ್ಟಿನ ಪತ್ರವ್ಯವಹಾರ ಇವೆಲ್ಲಕ್ಕೂ ಅವಕಾಶವಿರತಕ್ಕದ್ದೆಂದು ಆಜ್ಞೆಯಾಯಿತು. ಖೈದಿಗಳ ಹಕ್ಕುಗಳನ್ನು ಅವರ ಭಾಷೆಯಲ್ಲಿ ತಿಳಿಸುವ ಕೈಪಿಡಿಯನ್ನು ಅಚ್ಚುಹಾಕಿಸಬೇಕೆಂಬ ಮಾತೂ ಅದರಲ್ಲಿಯೇ ಬಂದಿದೆ. ದೆಹಲಿಯಾದುದರಿಂದ ಅಲ್ಲಿ ಹಿಂದಿಯೆಂದು ಹೇಳಿದರು.

ಸೆರೆಮನೆಗೆ ಹೋಗಿ ಕಣ್ಣಾರೆ ಕಾಣುವುದು, ಕಂಡುದನ್ನು ಬರೆದು ನ್ಯಾಯಾಧೀಶರ ಮುಂದಿಡುವುದು: ನಮ್ಮ ಎಣಿಕೆಯಲ್ಲಿ ಅಭಿರಕ್ಷಕರ ಕೆಲಸದ ತಿರುಳು ಇದೇ. 2022ರ ಯೋಜನೆಯಲ್ಲಿ ಕಾಲಕಾಲಕ್ಕೆ ಸೆರೆಮನೆಯ ಭೇಟಿಯೂ ಅವರ ಕೆಲಸಗಳಲ್ಲಿ ಸೇರಿದೆ. ಆದರೆ ಭೇಟಿಯಲ್ಲಿಯೂ ಎರಡು ಬಗೆ. ಅಧೀಕ್ಷಕರ ಕೋಣೆಯಲ್ಲಿ ಕುಳಿತು, ಚಹಾ ಕುಡಿದು, ವಹಿಯಲ್ಲಿ ಎಲ್ಲವೂ ತೃಪ್ತಿಕರವೆಂದು ಸಹಿ ಹಾಕಿ ಬರುವುದು ಒಂದು. ಬ್ಯಾರಕಿನವರೆಗೆ ನಡೆದು, ಒಬ್ಬೊಬ್ಬರನ್ನೇ ಬೇರೆ ಕರೆದು ಕೇಳುವುದು ಇನ್ನೊಂದು. ವಿಚಾರಣಾಧೀನ ಖೈದಿಯು ತನ್ನ ವಕೀಲರೊಡನೆ ಮೂರನೆಯವರ ಸಾನ್ನಿಧ್ಯವಿಲ್ಲದೆ ಮಾತನಾಡಬಹುದೆಂದು ಬ್ರಿಟಿಷರು ಮಾಡಿದ 1894ರ ಕಾರಾಗೃಹ ಕಾಯಿದೆಯ 40ನೆಯ ಕಲಮೇ ಹೇಳಿದೆ. ವಾರ್ಡರನು ಕಿವಿಯಿಟ್ಟು ನಿಂತಿರುವಾಗ ವಾರ್ಡರನ ಮೇಲಿನ ದೂರನ್ನು ಯಾವ ಖೈದಿ ಹೇಳಿಯಾನು?

ಹೇಳಿಕೊಂಡ ಭಯವನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬಳ್ಳಾರಿಯ ನೆರೆಯ ಕರ್ನೂಲು ಸೀಮೆಯ ಕೋಯಿಲಕುಂಟ್ಲದ ಸಬ್‌ಜೈಲಿನಲ್ಲಿ ತಂದೆ ಮಗ ಇಬ್ಬರನ್ನು ವಿಚಾರಣಾಧೀನರಾಗಿ ಇಟ್ಟಿದ್ದರು. ತಮ್ಮ ಪ್ರಾಣಕ್ಕೆ ಅಪಾಯವಿದೆಯೆಂದು ಅವರು ಮೊದಲೇ ಹೇಳಿಕೊಂಡಿದ್ದರು. 1977ರ ಮೇ ತಿಂಗಳ 5ರ ರಾತ್ರಿ ಕಳೆದು ಬೆಳಗಾಗುವುದರೊಳಗೆ ಶತ್ರುಗಳು ಸಬ್‌ಜೈಲಿಗೇ ನುಗ್ಗಿ ಕೋಣೆಯೊಳಕ್ಕೆ ಬಾಂಬು ಎಸೆದರು. ತಂದೆ ಸತ್ತರು, ಮಗನಿಗೆ ಗಾಯವಾಯಿತು. ಪರಿಹಾರದ ದಾವೆಗೆ ಸರ್ಕಾರ ಕೊಟ್ಟ ಉತ್ತರ, ಇದು ರಾಜ್ಯಾಧಿಕಾರದ ಕೃತ್ಯ, ದಾವೆಯೇ ನಿಲ್ಲದು ಎಂದು! ಹೈದರಾಬಾದಿನ ಹೈಕೋರ್ಟು ಈ ವಾದವನ್ನು ಒಪ್ಪದೆ 1,44,000 ರೂಪಾಯಿ ಕೊಡಿಸಿತು. ಖೈದಿಯಾದರೂ ಜೀವಿಸುವ ಹಕ್ಕು ಅವನದೇ ಎಂದು 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಘಟನೆಗೂ ಕೊನೆಯ ತೀರ್ಪಿಗೂ ನಡುವೆ ಇಪ್ಪತ್ತಮೂರು ವರ್ಷ. ಆ ಮೇ ತಿಂಗಳಲ್ಲಿ ವಕೀಲರೊಬ್ಬರು ಒಳಹೋಗಿ, ಭಯವೇನೆಂದು ಕೇಳಿ, ಮರುದಿನವೇ ನ್ಯಾಯಾಧೀಶರಿಗೆ ಒಂದು ಅರ್ಜಿ ಬರೆದು, ಬೇರೆ ಸೆರೆಮನೆಗೆ ಸಾಗಿಸಿರೆಂದು ಕೇಳಿದ್ದರೆ? ಇಂಥ ಒಂದು ಪುಟದ ಅರ್ಜಿಯಲ್ಲಿ ಪಾಂಡಿತ್ಯವೇನೂ ಬೇಕಿಲ್ಲ; ಹೊತ್ತಿಗೆ ಸರಿಯಾಗಿ ಅಲ್ಲಿ ಇರುವವರು ಬೇಕು.

ಈಗ ಯಾದಗಿರಿಯ ಕಡೆಯ ಒಬ್ಬ ಗಾರೆ ಕೆಲಸದವನನ್ನು ವಾಚಕರು ಊಹಿಸಿಕೊಳ್ಳಬೇಕು. ಅಬಿಡ್ಸಿನ ಹಿಂದಿನ ಯಾವುದೋ ಓಣಿಯಲ್ಲಿ ಕಟ್ಟಡದ ಕೆಲಸ. ಕಳವಿನ ಗುಮಾನಿ ಬಂದು ಪೊಲೀಸರು ಹಿಡಿದರು. ನಾಂಪಲ್ಲಿಯಲ್ಲಿ ಹಾಜರುಪಡಿಸಿ ಚಂಚಲಗೂಡಕ್ಕೆ ಕಳುಹಿಸಿದರು. ತೆಲುಗು ಅರ್ಧಂಬರ್ಧ, ಉರ್ದು ಕೂಲಿಯ ಲೆಕ್ಕಕ್ಕೆ ಸಾಲುವಷ್ಟು. ಮೇಸ್ತ್ರಿಯಿಂದ ಮೂರು ವಾರಗಳ ಕೂಲಿ ಬರಬೇಕು. ಹೆಂಡತಿ ಕೆಲಸದ ಜಾಗದ ತಗಡಿನ ಗುಡಿಸಿಲಲ್ಲಿದ್ದಾಳೆ. ಇವನಿಗೆ ಸಕ್ಕರೆ ಕಾಯಿಲೆ. ಗುಳಿಗೆಯ ಚೀಟಿ ಆ ಗುಡಿಸಿಲಲ್ಲೇ ಉಳಿದಿದೆ. ಇವನಿಗೆ ವಕೀಲರು ಏನು ಮಾಡಬಲ್ಲರು? ಜಾಮೀನಿನ ಅರ್ಜಿ ಹಾಕುವರು, ಸರಿ. ಜಾಮೀನೂ ಆದೀತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಊರಿನ ಶೂರಿಟಿ ಬೇಕು, ಇಲ್ಲಿ ಆಸ್ತಿಯಿರುವವರ ಸಹಿ ಬೇಕು ಎಂಬಲ್ಲಿ ಎಲ್ಲವೂ ನಿಂತುಹೋಗುವುದು.

ಇಂಥವನೇ ಒಬ್ಬ ಗಾರೆಯಾಳು ಮಧ್ಯಪ್ರದೇಶದ ಮೋತಿರಾಮ. 1978ರಲ್ಲಿ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟರೂ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶೂರಿಟಿ ಕೇಳಿದರು; ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆತನ ಶೂರಿಟಿಯನ್ನು ತಿರಸ್ಕರಿಸಿದರು. ಕೃಷ್ಣ ಅಯ್ಯರರು ಇದನ್ನು ಕಟುವಾಗಿ ಖಂಡಿಸಿ, ಮಲಯಾಳಿಯೋ ಕನ್ನಡಿಗನೋ ತಮಿಳನೋ ತೆಲುಗನೋ ದೂರದ ಊರಲ್ಲಿ ಬಂಧಿತನಾದರೆ ಅಲ್ಲಿಯ ಶೂರಿಟಿಯನ್ನು ಎಲ್ಲಿಂದ ತಂದಾನು ಎಂದು ಕೇಳಿದರು. ದೇಶ ಒಂದೇ ಆಗಿರುವಾಗ ಜಿಲ್ಲೆಯ ಗಡಿಯಲ್ಲಿ ನ್ಯಾಯ ನಿಲ್ಲಬಾರದೆಂಬುದು ಅವರ ಮಾತಿನ ಸಾರ. ಕನ್ನಡಿಗನ ಹೆಸರು ಹಿಡಿದೇ ಹೇಳಿದ ಆ ತೀರ್ಪನ್ನು ಪರಸ್ಥಳದ ಕನ್ನಡಿಗರು ಅಷ್ಟಾಗಿ ಅರಿಯದಿರುವುದು ಸೋಜಿಗ. 2023ರ ಜನವರಿ 31ರಂದು ಅದೇ ನ್ಯಾಯಾಲಯ ಇನ್ನೊಮ್ಮೆ ಸ್ಪಷ್ಟಪಡಿಸಿತು: ಜಾಮೀನಿನ ಆಜ್ಞೆಯಾಗಿ ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಸೆರೆಮನೆಯ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸತಕ್ಕದ್ದು, ಸ್ಥಳೀಯ ಶೂರಿಟಿಯೇ ಬೇಕೆಂಬ ಹಟ ತಡಕ್ಕೆ ಕಾರಣವಾದಾಗ ಆ ಷರತ್ತನ್ನು ಹಾಕದಿರುವುದು ಲೇಸು. ಹಣವೇ ಇಲ್ಲದವರಿಗೆ 40,000 ರೂಪಾಯಿಯವರೆಗೆ ಜಾಮೀನಿನ ಹಣ ಒದಗಿಸುವ ಕೇಂದ್ರ ಸರ್ಕಾರದ ಯೋಜನೆಯೂ 2023ರಲ್ಲಿ ಬಂದಿದೆ. ಇವೆಲ್ಲ ಕಾಗದದಲ್ಲಿ ಇವೆ. ಕಾಗದದಿಂದ ಬ್ಯಾರಕಿಗೆ ಇಳಿಸುವವರೇ ಅಭಿರಕ್ಷಕರು.

ಅವರ ಕೈಯಲ್ಲಿ ಇನ್ನೊಂದು ಲೆಕ್ಕವೂ ಇರತಕ್ಕದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಆಪಾದನೆಗೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣಾಧೀನನಾಗಿ ಕಳೆದವನು ಜಾಮೀನಿಗೆ ಅರ್ಹ. ಹಿಂದೆ ಎಂದೂ ಶಿಕ್ಷೆಯಾಗದ ಮೊದಲ ಸಲದವನಿಗೆ ಮೂರನೆಯ ಒಂದು ಭಾಗವೇ ಸಾಕು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿದ್ದವನಿಗೂ ಅಡ್ಡಿಯುಂಟು. ಅರ್ಜಿ ಸಲ್ಲಿಸುವ ಹೊಣೆಯನ್ನು ಸೆರೆಮನೆಯ ಅಧೀಕ್ಷಕರ ಮೇಲೆಯೇ ಹೊರಿಸಿರುವರು. ಹಳೆಯ ಮೊಕದ್ದಮೆಗಳಿಗೂ ಇದು ಸಲ್ಲುವುದೆಂದು 2024ರ ಆಗಸ್ಟಿನಲ್ಲಿ ಇತ್ಯರ್ಥವಾಯಿತು. ಮೂರು ವರ್ಷಗಳ ಶಿಕ್ಷೆಯ ಕಳವಿನ ಆಪಾದನೆಯಾದರೆ, ಮೊದಲ ಸಲದವನಿಗೆ ಹನ್ನೆರಡನೆಯ ತಿಂಗಳು ತುಂಬಿದ ದಿನ ಅದು. ಆ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಳ್ಳದ ವಕೀಲರಿಂದ ಬಂದಿಗೆ ಏನು ಪ್ರಯೋಜನ?

ಹೆಂಗಸರ ಸಂಗತಿಯನ್ನೂ ಜಾತಿಯ ಸಂಗತಿಯನ್ನೂ ಒಂದೊಂದು ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುವೆವು. ಆಂಧ್ರಪ್ರದೇಶ ರಾಜ್ಯದ ಮೇಲೆ ಶ್ರೀ ಆರ್. ಡಿ. ಉಪಾಧ್ಯಾಯರು ಹೂಡಿದ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು, ತಾಯಿಯೊಡನೆ ಸೆರೆಯಲ್ಲಿರುವ ಮಗು ಖೈದಿಯಲ್ಲವೆಂದೂ, ಆರು ವರ್ಷದವರೆಗೆ ಅದರ ಊಟ, ಔಷಧ, ಕಲಿಕೆ ಸರ್ಕಾರದ ಹೊಣೆಯೆಂದೂ, ಹುಟ್ಟಿದ ದಾಖಲೆಯಲ್ಲಿ ಜನ್ಮಸ್ಥಳ ಸೆರೆಮನೆಯೆಂದು ಬರೆಯಕೂಡದೆಂದೂ ವಿಧಿಸಿತು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು, ಜಾತಿ ನೋಡಿ ಅಡಿಗೆಯನ್ನೋ ಕಕ್ಕಸು ತೊಳೆಯುವುದನ್ನೋ ಹಂಚುವ ಸೆರೆಮನೆಯ ನಿಯಮಗಳು ಸಂವಿಧಾನ ವಿರುದ್ಧವೆಂದು ತೀರ್ಮಾನವಾಗಿ, ಇದರ ತಪಾಸಣೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿಗೂ ಪಾಲು ಕೊಟ್ಟರು. ಹಾಗೆಂದು ಸೆರೆಯಲ್ಲಿ ಎಲ್ಲ ಹಕ್ಕುಗಳೂ ಉಳಿಯುವುವೆಂದು ತಿಳಿಯಬಾರದು. ವಿಚಾರಣೆ ಮುಗಿಯದ ನಿರಪರಾಧಿಯೂ ಅಲ್ಲಿಂದ ಮತ ಹಾಕುವಂತಿಲ್ಲ. 2013ರ ತಿದ್ದುಪಡಿಯ ಕೃಪೆಯಿಂದ ಅವನು ಚುನಾವಣೆಗೆ ಮಾತ್ರ ನಿಲ್ಲಬಹುದು! ಈ ವಿನೋದವನ್ನು ಬಿಡಿಸುವುದು ಅಭಿರಕ್ಷಕರ ಶಕ್ತಿಯಲ್ಲಿಲ್ಲ, ಪಾರ್ಲಿಮೆಂಟಿನ ಕೆಲಸ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಸರ್ಕಾರದ ಸಂಬಳ ತಿನ್ನುವ ವಕೀಲರು ಸರ್ಕಾರದ ಸೆರೆಮನೆಯ ಮೇಲೆ ದೂರು ಹೇಳುವರೆ? ಆಕ್ಷೇಪ ಹಗುರವಾದುದಲ್ಲ. ಅಭಿರಕ್ಷಕರು ಗೊತ್ತಾದ ಅವಧಿಗೆ ನೇಮಕವಾಗುವವರು. ಅವರ ಕೆಲಸವನ್ನು ಅಳೆಯುವವರು ಯಾರೆಂಬುದರ ಮೇಲೆ ಅವರ ಧೈರ್ಯವೂ ನಿಲ್ಲುವುದು. ಅಳತೆಯು ಪೊಲೀಸರ, ಸೆರೆಮನೆಯ ಕೈಯಲ್ಲಿರದೆ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಪ್ರಾಧಿಕಾರದ ಕೈಯಲ್ಲಿರುವುದು ಸಮಾಧಾನದ ಸಂಗತಿ. ಆದರೆ ಅಳೆಯುವಾಗ ಎಷ್ಟು ಮೊಕದ್ದಮೆ ಮುಗಿಸಿದರು, ಎಷ್ಟು ಜಾಮೀನು ಕೊಡಿಸಿದರು ಎಂಬ ಅಂಕಿಗಳನ್ನಷ್ಟೇ ಎಣಿಸಿದರೆ, ಬ್ಯಾರಕಿನಲ್ಲಿ ಕುಳಿತು ಒಬ್ಬನ ಗುಳಿಗೆಯ ಚೀಟಿಗಾಗಿ ಕಳೆದ ಅರ್ಧ ದಿನ ಯಾವ ಅಂಕಣಕ್ಕೂ ಸೇರದು. ಸೇರದ ಕೆಲಸವನ್ನು ಬಹುಕಾಲ ಯಾರೂ ಮಾಡರು. ಸೆರೆಮನೆಯಿಂದ ಬರೆದ ದೂರುಗಳೆಷ್ಟು, ಅವುಗಳಿಗೆ ಸಿಕ್ಕ ಉತ್ತರಗಳೆಷ್ಟು ಎಂಬ ಒಂದು ಅಂಕಣವನ್ನು ವರದಿಯಲ್ಲಿ ಸೇರಿಸಬೇಕೆಂದು ನಾವು ಸೂಚಿಸುವೆವು.

ಇನ್ನೊಂದು ಚಿಂತೆ ಹೊಸ ಯಂತ್ರದಿಂದ ಬಂದುದು. ಈಗ ಬಂದಿಯನ್ನು ಬಹಳ ಸಲ ನ್ಯಾಯಾಲಯಕ್ಕೆ ಕರೆತರದೆ ಸೆರೆಮನೆಯಿಂದಲೇ ವೀಡಿಯೊ ಮೂಲಕ ಹಾಜರುಪಡಿಸುವರು. ಖರ್ಚೂ ಉಳಿಯಿತು, ಬೇಡಿಯ ಅವಮಾನವೂ ತಪ್ಪಿತು, ನಿಜ. ಆದರೆ ಮೈಮೇಲಿನ ಬಾಸುಂಡೆಯನ್ನು ಮ್ಯಾಜಿಸ್ಟ್ರೇಟರು ಕಾಣುತ್ತಿದ್ದುದು, ಕಟಕಟೆಯ ಬಳಿ ಹೆಂಡತಿಯ ಮುಖ ಒಂದು ಗಳಿಗೆ ಕಾಣುತ್ತಿದ್ದುದು, ವಕೀಲರ ಕಿವಿಯಲ್ಲಿ ಒಂದು ಮಾತು ಹೇಳುತ್ತಿದ್ದುದು, ಇವೆಲ್ಲವೂ ಆ ಚಿಕ್ಕ ತೆರೆಯಲ್ಲಿ ಮಾಯವಾದವು. ಬಂಧಿತನನ್ನು ಪೊಲೀಸರು ಹಿಂಸಿಸಿದರೇ ಎಂದು ಮ್ಯಾಜಿಸ್ಟ್ರೇಟರು ಕೇಳತಕ್ಕದ್ದೆಂದು 1983ರಲ್ಲಿ ಶೀಲಾ ಬರ್ಸೆಯವರ ಪ್ರಕರಣದಲ್ಲಿ ವಿಧಿಯಾಗಿದೆ. ಹಿಂಸಿಸಿದವರ ಪಕ್ಕದಲ್ಲಿ ನಿಂತು ತೆರೆಯತ್ತ ನೋಡುವವನಿಂದ ಯಾವ ಉತ್ತರ ಬಂದೀತು? ನ್ಯಾಯಾಲಯಕ್ಕೆ ಬಂದಿ ಬಾರದಾದಾಗ ಬಂದಿಯ ಬಳಿಗೆ ವಕೀಲರು ಹೋಗುವುದು ಮೊದಲಿಗಿಂತ ಹೆಚ್ಚು ಅಗತ್ಯವಾಗಿದೆ.

ಹೋದವರಿಗೆ ಬಂದಿಯ ಮಾತು ತಿಳಿಯಬೇಕಲ್ಲ? ಇಲ್ಲಿಗೆ ನಮ್ಮ ಜನರ ವಿಷಯಕ್ಕೆ ಬಂದೆವು. ಚಂಚಲಗೂಡದಲ್ಲಿ ಕನ್ನಡ ಮಾತ್ರ ಬಲ್ಲವನ ಬಳಿಗೆ ಒಳ್ಳೆಯ ತೆಲುಗು ವಕೀಲರು ಬಂದರೂ, ನಡುವೆ ದುಭಾಷಿಯಾಗಿ ನಿಲ್ಲುವವನು ಇನ್ನೊಬ್ಬ ಖೈದಿಯೋ ವಾರ್ಡರನೋ ಆಗುವನು. ಅಲ್ಲಿಗೆ 40ನೆಯ ಕಲಮಿನ ಗುಟ್ಟು ಬಯಲಾಯಿತು. ಆಪಾದಿತನಿಗೆ ತಿಳಿಯದ ಭಾಷೆಯಲ್ಲಿ ನುಡಿದ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ನ್ಯಾಯಾಲಯದಲ್ಲಿಯೇ ಬಿಡಿಸಿ ಹೇಳತಕ್ಕದ್ದೆಂದು ಕಾನೂನು ಇದೆ. ಶಿಕ್ಷೆಯಾದರೆ ತೀರ್ಪಿನ ಪ್ರತಿ ಉಚಿತ; ಕೇಳಿದರೆ, ಸಾಧ್ಯವಿದ್ದಲ್ಲಿ, ಅವನ ಸ್ವಂತ ಭಾಷೆಗೆ ಭಾಷಾಂತರಿಸಿ ಕೊಡುವ ಅವಕಾಶವೂ ಇದೆ. ಆದರೆ ಹೀಗೆ ಕೇಳಿದವರ ಸಂಖ್ಯೆ ಬೆರಳೆಣಿಕೆಗೆ ಮೀರದೆಂದು ನಮ್ಮ ಊಹೆ. ಕೇಳಬಹುದೆಂದು ತಿಳಿಸಿದವರೇ ಇಲ್ಲದಿರುವಾಗ ಕೇಳುವುದೆಲ್ಲಿಯದು?

ಕಾನೂನು ಸೇವಾ ಪ್ರಾಧಿಕಾರಗಳು ವಕೀಲರಲ್ಲದ ಸ್ವಯಂಸೇವಕರನ್ನೂ ಆರಿಸಿ, ಶಿಕ್ಷಣ ಕೊಟ್ಟು, ಸೆರೆಮನೆಯ ಕಾನೂನು ನೆರವು ಕೇಂದ್ರಗಳಿಗೆ ನೇಮಿಸುವುದುಂಟು. ಈ ಊರಿನ ಕನ್ನಡಿಗರಲ್ಲಿ ನಿವೃತ್ತರಾದ ಶಿಕ್ಷಕರು, ಬ್ಯಾಂಕಿನವರು, ಗುಮಾಸ್ತರು ಬೇಕಾದಷ್ಟು ಮಂದಿ ಇರುವರು. ಕನ್ನಡ, ತೆಲುಗು, ಉರ್ದು ಮೂರನ್ನೂ ನೀರು ಕುಡಿದಂತೆ ಆಡುವರು. ನಮ್ಮ ಸಂಘಗಳು ರಾಜ್ಯೋತ್ಸವದ ಮೆರವಣಿಗೆಗೆ ತೋರುವ ಉತ್ಸಾಹದ ಹತ್ತರಲ್ಲಿ ಒಂದು ಪಾಲನ್ನು ಈ ಕಡೆಗೆ ತಿರುಗಿಸಿ, ನಾಲ್ಕಾರು ಹೆಸರುಗಳನ್ನು ಪ್ರಾಧಿಕಾರಕ್ಕೆ ಕೊಟ್ಟರೆ ತಿಂಗಳಿಗೆರಡು ಬಾರಿ ಅಭಿರಕ್ಷಕರ ಜೊತೆಯಲ್ಲಿ ಹೋಗಿ ಬರಬಹುದು. ಆ ಗಾರೆ ಕೆಲಸದವನಿಗೆ, “ಯಾವ ಊರಪ್ಪಾ ನಿಂದು?” ಎಂಬ ಒಂದು ಮಾತು ಕಿವಿಗೆ ಬಿದ್ದರೆ, ಅಲ್ಲಿಯವರೆಗೆ ಹೇಳದ ಎಷ್ಟೋ ಸಂಗತಿಗಳು ಹೊರಬರುವುವು: ಚೀಟಿ, ಕೂಲಿ, ಹೆಂಡತಿಯ ಗುಡಿಸಿಲು, ಹೊಡೆದವನ ಹೆಸರು.

ಸದ್ಯಕ್ಕೆ ಮನೆಯವರು ಮಾಡಬಹುದಾದುದು ಇಷ್ಟು. ರಾಷ್ಟ್ರೀಯ ಪ್ರಾಧಿಕಾರದ 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಇಲ್ಲವೆ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎಲ್ಲಿಯೆಂದು ಕೇಳಿ ನೇರವಾಗಿ ಹೋಗಬಹುದು. ಶುಲ್ಕವಿಲ್ಲ. ಬಂದಿಯ ಪೂರ್ಣ ಹೆಸರು, ತಂದೆಯ ಹೆಸರು, ಯಾವ ಠಾಣೆ, ಅಪರಾಧದ ಸಂಖ್ಯೆ, ಯಾವ ಸೆರೆಮನೆ, ಎಂದಿನಿಂದ, ಇರುವ ಕಾಯಿಲೆ, ತಿನ್ನುವ ಔಷಧ, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು. ಅದರ ಕೆಳಗೆ, ಬಂದಿಗೆ ತಿಳಿಯುವ ಭಾಷೆ ಕನ್ನಡವೆಂಬುದನ್ನೂ ಬರೆದು, ಕಚೇರಿಯ ವಹಿಯಲ್ಲಿ ಅದು ದಾಖಲಾಯಿತೇ ಎಂದು ನೋಡಿಕೊಂಡು ಬರತಕ್ಕದ್ದು.